ಉಂಗುರವೂ ಉಭಯವ್ಯಯವೂ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪರಮೋಚ್ಚ ನ್ಯಾಯಾಲಯವು 2024ನೆಯ ಇಸವಿಯ ನವೆಂಬರ್ 8ರಂದು ಒಂದು ಉಂಗುರದ ವ್ಯಾಜ್ಯವನ್ನು ಇತ್ಯರ್ಥಗೊಳಿಸಿತು. 2017ರಲ್ಲಿ ಟಿಫನಿ ಎಂಬ ಹೆಸರಾಂತ ಆಭರಣದಂಗಡಿಯಲ್ಲಿ 70,000 ಡಾಲರು ತೆತ್ತು ಕೊಂಡ ವಜ್ರದುಂಗುರವದು. ಕೊಟ್ಟವನು ಮದುವೆಯಾಗುವೆನೆಂದು ಮಾತಿತ್ತ ಪುರುಷ, ತೊಟ್ಟವಳು ಆ ಮಾತಿಗೆ ಒಪ್ಪಿದ ಸ್ತ್ರೀ. ಅನಂತರ ಆತನ ಮನಸ್ಸು ಕದಡಿತು. ಆಕೆಯ ಫೋನನ್ನು ತೆರೆದು ನೋಡಿದಾಗ ಪರಪುರುಷನೊಬ್ಬನಿಗೆ ಆಕೆ ಕಳುಹಿಸಿದ್ದ ಸಂದೇಶವೊಂದು ಕಣ್ಣಿಗೆ ಬಿದ್ದು, ತಾನು ವಂಚಿತನಾದೆನೆಂದು ಬಗೆದು, ಆತನು ನಿಶ್ಚಯವನ್ನು ಮುರಿದನು; ಉಂಗುರವನ್ನು ಮರಳಿ ಕೇಳಿದನು. ಆಕೆ ಒಪ್ಪಲಿಲ್ಲ. ವಿಚಾರಣೆ ನಡೆಸಿದ ನ್ಯಾಯಾಧೀಶರು ಸಾಕ್ಷ್ಯಗಳನ್ನೆಲ್ಲ ತೂಗಿ ನೋಡಿ, ಆ ಪರಪುರುಷನು ಆಕೆಯ ಬಹುಕಾಲದ ಸ್ನೇಹಿತನೇ ಹೊರತು ಪ್ರಣಯಿಯಲ್ಲವೆಂದೂ, ಸಂದೇಹವು ನಿರಾಧಾರವಾದುದರಿಂದ ನಿಶ್ಚಯಭಂಗದ ದೋಷವು ವರನದೇ ಎಂದೂ, ದೋಷಿಯಾದವನಿಗೆ ಉಂಗುರವನ್ನು ಬೇಡುವ ಅಧಿಕಾರವಿಲ್ಲವೆಂದೂ ವಿಧಿಸಿದರು. ಮೇಲ್ಮನವಿಯಲ್ಲಿ ಈ ನಿರ್ಣಯವು ತಿರುಗಿಬಿದ್ದಿತು. ಕಟ್ಟಕಡೆಗೆ ಪರಮೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಡಲೀಲಾ ವೆಂಡ್‌ಲ್ಯಾಂಟ್ ಅವರು ಬರೆದ ತೀರ್ಪು, ತಪ್ಪು ಯಾರದೆಂಬ ಪ್ರಶ್ನೆಯನ್ನು ನ್ಯಾಯಾಲಯವು ಇನ್ನು ಕೇಳತಕ್ಕುದಲ್ಲವೆಂದೂ, ಮದುವೆ ನಡೆಯಿತೋ ನಡೆಯಲಿಲ್ಲವೋ ಎಂಬುದೊಂದೇ ಪರೀಕ್ಷೆಯೆಂದೂ, ನಡೆಯದ ಪಕ್ಷದಲ್ಲಿ ಉಂಗುರವು ಕೊಟ್ಟವನಿಗೆ ಹಿಂದಿರುಗತಕ್ಕದ್ದೆಂದೂ ಸಾರಿತು. ಆ ರಾಜ್ಯದಲ್ಲಿ 1959ರಿಂದ ನಡೆದುಬಂದಿದ್ದ ದೋಷವಿಚಾರದ ಕಟ್ಟಳೆ ಅಂದಿಗೆ ಮುಗಿಯಿತು.

ಈ ವರ್ತಮಾನವನ್ನು ಓದಿದಂದಿನಿಂದ ನನ್ನ ಮನಸ್ಸು ಅದನ್ನು ಬಿಟ್ಟು ಕದಲಿಲ್ಲ. ಎರಡು ಹೃದಯಗಳು ಏಕೆ ದೂರವಾದುವೆಂಬುದನ್ನು ಬಲ್ಲವರು ಆ ಇಬ್ಬರೇ. ಎಷ್ಟೋ ವೇಳೆ ಅವರಿಗೂ ಅದು ತಿಳಿಯದು. ಹಾಗಿರುವಲ್ಲಿ ಕರಿಯ ನಿಲುವಂಗಿಯ ನ್ಯಾಯವಾದಿಗಳು ಒಬ್ಬ ಹೆಂಗಸಿನ ಖಾಸಗಿ ಪತ್ರಗಳನ್ನು ತೆರೆದೋದಿ, ಆಕೆಯ ಸ್ನೇಹದ ಬಣ್ಣವೆಂತಹುದೆಂದು ಸಾಕ್ಷಿಕಟ್ಟೆಯಲ್ಲಿ ಕೆದಕಿ ಕೇಳಿ, ಅದರಿಂದ ಒಂದು ಹರಳಿನ ಒಡೆತನವನ್ನು ನಿಷ್ಕರ್ಷಿಸುವುದು ನನಗೆ ಹಿಂಸೆಯಾಗಿಯೇ ತೋರುತ್ತದೆ. ಆ ಹಿಂಸೆಯನ್ನು ನಿಲ್ಲಿಸಿದ್ದಕ್ಕಾಗಿ ಆ ತೀರ್ಪನ್ನು ನಾನು ಗೌರವಿಸುತ್ತೇನೆ. ಆದರೂ ಅದು ಲೆಕ್ಕದ ಒಂದು ಮಗ್ಗುಲನ್ನು ಬರೆದು ಇನ್ನೊಂದನ್ನು ಬರಿದಾಗಿ ಬಿಟ್ಟಿತೆಂಬ ಭಾವನೆ ನನ್ನಲ್ಲಿ ಉಳಿದಿದೆ. ಆ ಬರಿದಾದ ಮಗ್ಗುಲನ್ನು ಕುರಿತೇ ಈ ಲೇಖನ.

ಮೊದಲಿಗೆ ವಸ್ತುವಿನ ಸ್ವರೂಪವನ್ನು ನೋಡೋಣ. ಉಂಗುರವನ್ನು ಕೊಟ್ಟಾಗ ಕೊಟ್ಟದ್ದೇನು? ಅದು ಹುಟ್ಟುಹಬ್ಬದ ಕಾಣಿಕೆಯಂತೆ ಕೊಟ್ಟ ಕ್ಷಣವೇ ಪೂರ್ಣವಾಗಿ ಕೈಬಿಟ್ಟ ದಾನವೆ? ಅಥವಾ ಮದುವೆಯೆಂಬ ಫಲ ಕೈಗೂಡಿದರೆ ಮಾತ್ರ ಸಂಪೂರ್ಣವಾಗತಕ್ಕ ಸಶರ್ತ ದಾನವೆ? ಅಥವಾ ಮಾತಿಗೆ ತಪ್ಪಿದರೆ ಕಳೆದುಕೊಳ್ಳುವೆನೆಂದು ಮುಂಗಡವಾಗಿ ಇಟ್ಟ ಸಂಚಕಾರವೆ? ಲೋಕದ ನ್ಯಾಯಶಾಸ್ತ್ರಗಳೆಲ್ಲ ಈ ಮೂರು ಭಾವನೆಗಳ ನಡುವೆ ತೂಗಾಡಿವೆ. ರೋಮನರ ಕಾಲದಲ್ಲಿ, ಕ್ರಿಸ್ತಶಕ ಮೊದಲನೆಯ ಶತಮಾನದ ಪ್ಲಿನಿ ಹೇಳುವಂತೆ, ವಾಗ್ದತ್ತೆಗೆ ಕಳುಹಿಸುತ್ತಿದ್ದುದು ಹರಳಿಲ್ಲದ ಕಬ್ಬಿಣದ ಉಂಗುರ. ಅದಕ್ಕಾಗಿ ಯಾರೂ ನ್ಯಾಯಸ್ಥಾನವನ್ನು ಏರಬೇಕಾಗಿರಲಿಲ್ಲ. ಕಾಣಿಕೆಗಳ ಬೆಲೆ ಏರಿದ ಮೇಲೆ ಕಾನೂನು ಬಂದಿತು. ನಾಲ್ಕನೆಯ ಶತಮಾನದ ಪೂರ್ವಾರ್ಧದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಹೊರಡಿಸಿದ ಶಾಸನವೊಂದು ಈಗಲೂ ಉಳಿದಿದೆ: ನಿಶ್ಚಯಕಾಲದಲ್ಲಿ ವಧೂವರರು ಮುತ್ತನ್ನು ವಿನಿಮಯ ಮಾಡಿಕೊಂಡಿದ್ದು, ಮದುವೆಗೆ ಮುನ್ನ ವರನು ಸತ್ತರೆ, ಅವನು ಕೊಟ್ಟಿದ್ದ ವಸ್ತುಗಳಲ್ಲಿ ಅರ್ಧ ವಧುವಿಗೆ ಉಳಿಯತಕ್ಕದ್ದು, ಅರ್ಧ ಅವನ ವಾರಸುದಾರರಿಗೆ ಸಲ್ಲತಕ್ಕದ್ದು, ಮುತ್ತು ನಡೆಯದಿದ್ದರೆ ಎಲ್ಲವೂ ಹಿಂದಕ್ಕೆ ಹೋಗತಕ್ಕದ್ದು. ಇಂದಿನ ಕಿವಿಗೆ ಇದು ವಿಚಿತ್ರವೆನಿಸಬಹುದು. ಆದರೆ ಆ ಹೆಣ್ಣಿನ ಮಾನಕ್ಕೆ, ಆಕೆಯ ಮುಂದಿನ ಬಾಳಿಗೆ ಆ ಸಮಾಜದಲ್ಲಿ ತಗಲಿದ ನಷ್ಟವನ್ನು ಆ ಶಾಸನವು ತನಗೆ ತಿಳಿದ ರೀತಿಯಲ್ಲಿ ಎಣಿಸಹೊರಟಿತೆಂಬುದನ್ನು ನಾವು ಮರೆಯಬಾರದು.

ಇಂಗ್ಲೆಂಡಿನಲ್ಲಿ ಈ ವಿಷಯದ ಹೆಸರಾಂತ ತೀರ್ಪು 1926ರದು. ಮದುವೆಯ ಮಾತಿಗೆ ತಪ್ಪಿದವರ ಮೇಲೆ ನಷ್ಟಪರಿಹಾರದ ದಾವೆ ಹೂಡಬಹುದಾಗಿದ್ದ ಕಾಲವದು. ನ್ಯಾಯಮೂರ್ತಿ ಮೆಕಾರ್ಡಿಯವರು ಆಗ ನಾನಾ ಸಂದರ್ಭಗಳನ್ನು ವಿಂಗಡಿಸಿ ಹೇಳಿದರು: ಯುಕ್ತ ಕಾರಣವಿಲ್ಲದೆ ಹೆಣ್ಣು ಮಾತು ಮುರಿದರೆ ಆಕೆ ಉಂಗುರವನ್ನು ಹಿಂದಿರುಗಿಸಬೇಕು, ಗಂಡು ಮುರಿದರೆ ಅವನು ಅದನ್ನು ಕೇಳುವಂತಿಲ್ಲ, ಇಬ್ಬರೂ ಒಪ್ಪಿ ಬಿಟ್ಟರೆ, ಅಥವಾ ಮರಣದಂತಹ ಅಪರಿಹಾರ್ಯ ಕಾರಣದಿಂದ ಮದುವೆ ನಿಂತರೆ, ಉಂಗುರವು ಕೊಟ್ಟ ಕಡೆಗೆ ಹಿಂದಿರುಗುವುದೆಂದು ಭಾವಿಸತಕ್ಕದ್ದು. ನಲವತ್ತೈದು ವರ್ಷಗಳ ತರುವಾಯ ಈ ಕಟ್ಟಡವನ್ನೆಲ್ಲ ಅಲ್ಲಿಯ ಪಾರ್ಲಿಮೆಂಟು ಕೆಡವಿತು. 1970ರಲ್ಲಿ ಅಂಗೀಕೃತವಾಗಿ 1971ರ ಜನವರಿ 1ರಂದು ಜಾರಿಗೆ ಬಂದ ಕಾನೂನು ಸುಧಾರಣಾ ಶಾಸನವು ಮದುವೆಯ ವಾಗ್ದಾನಕ್ಕೆ ಕರಾರಿನ ಬಲವಿಲ್ಲವೆಂದು ಘೋಷಿಸಿದುದಲ್ಲದೆ, ನಿಶ್ಚಿತಾರ್ಥದ ಉಂಗುರವು ಪೂರ್ಣದಾನವೆಂದೇ ಊಹಿಸತಕ್ಕದ್ದೆಂದೂ, ಮದುವೆ ನಡೆಯದಿದ್ದರೆ ಮರಳಿಸಬೇಕೆಂಬ ಸ್ಪಷ್ಟವಾದ ಅಥವಾ ಸೂಚ್ಯವಾದ ನಿಬಂಧನೆಯಿತ್ತೆಂದು ಸಾಧಿಸಬಲ್ಲವನು ಮಾತ್ರ ಆ ಊಹೆಯನ್ನು ಕಳೆಯಬಹುದೆಂದೂ ವಿಧಿಸಿತು. ಅಜ್ಜಿಯಿಂದ ಮೊಮ್ಮಗನ ಪಾಲಿಗೆ ಇಳಿದುಬಂದ ಮನೆತನದ ಉಂಗುರವಾದರೆ ಅಂತಹ ನಿಬಂಧನೆಯಿತ್ತೆಂದು ವಾದಿಸುವುದು ಸುಲಭ. ಅಂಗಡಿಯಿಂದ ಹೊಸದಾಗಿ ತಂದುದಾದರೆ ಕಷ್ಟ. ಇಂಗ್ಲೆಂಡಿನ ಕನ್ಯೆಗೆ ಉಂಗುರ ಹೀಗೆ ಸಾಮಾನ್ಯವಾಗಿ ಉಳಿಯುತ್ತದೆ.

ಅಮೆರಿಕದ ಕಥೆ ಇದಕ್ಕಿಂತ ಜಟಿಲ, ಹೆಚ್ಚು ಬೋಧಪ್ರದ. 1935ರಲ್ಲಿ ಇಂಡಿಯಾನಾ ರಾಜ್ಯದ ಶಾಸನಸಭೆಯ ಸದಸ್ಯೆ ರಾಬರ್ಟಾ ವೆಸ್ಟ್ ನಿಕಲ್ಸನ್ ಅವರು ಒಂದು ಮಸೂದೆಯನ್ನು ಮಂಡಿಸಿದರು. ಮದುವೆಯ ಮಾತು ಮುರಿದುದಕ್ಕಾಗಿ ಧನ ಬೇಡುವ ದಾವೆಗಳು ಆ ಹೊತ್ತಿಗೆ ಬೆದರಿಕೆಯ ಸಾಧನಗಳಾಗಿದ್ದುವೆಂದೂ, ಹೆಣ್ಣಿನ ಗೌರವವನ್ನು ಹಣದಿಂದ ಅಳೆಯುವುದು ಸಲ್ಲದೆಂದೂ ಅಂದಿನ ಸುಧಾರಕರ ವಾದ. ಆ ಮಸೂದೆ ಕಾನೂನಾಯಿತು. ಅದೇ ವರ್ಷ ನ್ಯೂಯಾರ್ಕ್ ಮೊದಲಾದ ರಾಜ್ಯಗಳೂ ಅದನ್ನು ಅನುಸರಿಸಿದುವು. ನ್ಯೂಯಾರ್ಕಿನಲ್ಲಂತೂ ಈ ನಿಷೇಧವನ್ನು ನ್ಯಾಯಾಲಯಗಳು ಎಷ್ಟು ವಿಸ್ತಾರವಾಗಿ ಅರ್ಥೈಸಿದುವೆಂದರೆ, ಉಂಗುರವನ್ನು ಮರಳಿ ಕೇಳುವ ದಾರಿಯೂ ಮುಚ್ಚಿಹೋಗಿ, ಅದನ್ನು ತೆರೆಯಲು 1965ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು.

ಇಲ್ಲಿ ಒಂದು ಸೂಕ್ಷ್ಮ ಸಂಗತಿಯಿದೆ. ನ್ಯಾಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಎರಡನ್ನೂ ಬಲ್ಲ ಮಾರ್ಗರೆಟ್ ಬ್ರಿನಿಗ್ ಎಂಬ ವಿದುಷಿ 1990ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಎತ್ತಿ ತೋರಿಸಿದರು. ಮಾತು ಮುರಿದವನನ್ನು ನ್ಯಾಯಾಲಯಕ್ಕೆ ಎಳೆಯುವ ಅಧಿಕಾರ ಹೆಣ್ಣಿನ ಕೈತಪ್ಪಿದ ದಶಕದಲ್ಲಿಯೇ ಬೆಲೆಬಾಳುವ ವಜ್ರದುಂಗುರದ ಬೇಡಿಕೆ ಅಮೆರಿಕದಲ್ಲಿ ಬೆಳೆಯತೊಡಗಿತು. ಡಿ ಬಿಯರ್ಸ್ ಸಂಸ್ಥೆಯವರ ಪ್ರಚಾರ, 1947ರಲ್ಲಿ ಫ್ರಾನ್ಸಿಸ್ ಗೆರೆಟಿ ಎಂಬಾಕೆ ರಚಿಸಿದ ಅದರ ಸುಪ್ರಸಿದ್ಧ ಘೋಷವಾಕ್ಯ, ಇವೆಲ್ಲ ಆ ಬೇಡಿಕೆಗೆ ನೀರೆರೆದುವು, ನಿಜ; ಆದರೆ ಬಿತ್ತು ಅದಕ್ಕೂ ಮೊದಲೇ ಬಿದ್ದಿತ್ತು. ಕಾನೂನಿನ ರಕ್ಷೆ ಹೋದಾಗ ಹೆಣ್ಣಿನ ಕಡೆಯವರು ರಕ್ಷೆಯನ್ನು ಬೆರಳಿನಲ್ಲಿ ಹುಡುಕಿದರೆಂದೂ, ಉಂಗುರವು ಗಂಡಿನ ಮಾತಿಗೆ ಜಾಮೀನಾಗಿ ನಿಂತಿತೆಂದೂ ಬ್ರಿನಿಗ್ ಅವರ ಸಿದ್ಧಾಂತ. ಇದನ್ನು ಒಪ್ಪಿದರೆ ಮುಂದಿನ ಪ್ರಶ್ನೆ ಸಹಜವಾಗಿ ಏಳುತ್ತದೆ: ಜಾಮೀನಾಗಿ ಇಟ್ಟ ವಸ್ತುವನ್ನು, ಮಾತು ಮುರಿದವನಿಗೇ ಒಪ್ಪಿಸುವ ಕಾನೂನು ಯಾವ ನ್ಯಾಯವನ್ನು ನಡೆಸಿತು?

ಮಾಂಟಾನಾ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಈ ಪ್ರಶ್ನೆಗೆ ನೇರವಾಗಿ ಮುಖಗೊಟ್ಟಿತು. ಉಂಗುರವು ಕೊಟ್ಟ ಕ್ಷಣದಿಂದಲೇ ಆಕೆಯದೆಂದು ಅದು ನಿರ್ಣಯಿಸಿದುದು ಬಹುಮತದ ಪ್ರವಾಹಕ್ಕೆ ಎದುರಾದ ಈಜು. ಪೆನ್ಸಿಲ್ವೇನಿಯಾ 1999ರಲ್ಲಿ, ಕ್ಯಾನ್ಸಾಸ್ 1997ರಲ್ಲಿ ದೋಷ ನೋಡದೆ ಉಂಗುರವನ್ನು ಕೊಟ್ಟವನಿಗೆ ಒಪ್ಪಿಸುವ ಮಾರ್ಗವನ್ನು ಹಿಡಿದಾಗಿತ್ತು. ಆದರೆ ಮಾಂಟಾನಾದವರ ತರ್ಕವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಮದುವೆಯ ಸಿದ್ಧತೆಗೆ ಹೆಣ್ಣು ಮಾಡಿದ ವೆಚ್ಚಗಳಿವೆ: ಮತ್ತೊಮ್ಮೆ ಉಡಲಾಗದ ಮದುವೆಯ ಉಡುಪು, ಊರು ಬದಲಾಯಿಸಿದ ಖರ್ಚು, ಅಡುಗೆಯವರಿಗೂ ಸಭಾಂಗಣದವರಿಗೂ ಕೊಟ್ಟು ಹಿಂದಿರುಗದ ಮುಂಗಡ. ಇವುಗಳನ್ನು ವಸೂಲು ಮಾಡುವ ಬಾಗಿಲುಗಳನ್ನು ಸುಧಾರಣೆಯ ಹೆಸರಿನಲ್ಲಿ ಮುಚ್ಚಿ, ಗಂಡು ಕೊಟ್ಟ ಒಂದೇ ಒಂದು ವಸ್ತುವಿಗೆ ಮಾತ್ರ ಹಿಂದಿರುಗುವ ಬಾಗಿಲನ್ನು ತೆರೆದಿಟ್ಟರೆ ಅದು ಲಿಂಗಪಕ್ಷಪಾತವಲ್ಲದೆ ಮತ್ತೇನು ಎಂಬುದು ಅವರ ವಾದದ ತಿರುಳು. ನನ್ನ ದೃಷ್ಟಿಯಲ್ಲಿ ಮ್ಯಾಸಚೂಸೆಟ್ಸಿನ ನ್ಯಾಯಮೂರ್ತಿಗಳು ದೋಷವಿಚಾರವನ್ನು ತೊರೆದುದು ಎಷ್ಟು ಸಾಧುವೋ ಮಾಂಟಾನಾದವರ ಈ ಆಕ್ಷೇಪವೂ ಅಷ್ಟೇ ಸಾಧು. ಎರಡೂ ಒಟ್ಟಿಗೆ ಹೇಗೆ ಸಲ್ಲುವುವೆಂಬುದಕ್ಕೆ ಉತ್ತರವನ್ನು ಹುಡುಕುತ್ತ ನಾನು ಬಂದು ನಿಂತದ್ದು ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ.

ಚಾಳುಕ್ಯ ವಿಕ್ರಮಾಂಕನ, ಎಂದರೆ 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿದ್ದು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಕೋಲ್‌ಬ್ರೂಕ್ ಎಂಬ ಪಂಡಿತನು ಅದರ ದಾಯಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದು 1810ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿಸಿದ ಬಳಿಕ, ಬಂಗಾಳವೊಂದನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯ ವ್ಯಾಜ್ಯಗಳಿಗೆ ಅದೇ ಪ್ರಮಾಣವಾಯಿತೆಂಬುದನ್ನು ನ್ಯಾಯವಾದಿಗಳೆಲ್ಲ ಬಲ್ಲರು. ಅಣ್ಣತಮ್ಮಂದಿರ ಪಾಲುಪಾರೀಕತ್ತಿನ ಗ್ರಂಥವೆಂದೇ ಪ್ರಸಿದ್ಧವಾದ ಆ ಕೃತಿಯಲ್ಲಿ ಸ್ತ್ರೀಧನದ ಚರ್ಚೆಯ ಕೊನೆಯ ಭಾಗದಲ್ಲಿ, ವಾಗ್ದಾನವಾದ ಕನ್ಯೆಯ ಪ್ರಸಂಗ ಬರುತ್ತದೆ. ಮಾತುಕೊಟ್ಟು ಕನ್ಯೆಯನ್ನು ಹಿಂದಕ್ಕೆ ತೆಗೆದುಕೊಂಡವನು ರಾಜದಂಡಕ್ಕೆ ಅರ್ಹನು; ವರನ ಕಡೆಯವರು ಉಭಯ ಬಂಧುಗಳ ಉಪಚಾರಕ್ಕೆಂದು ಮಾಡಿದ ವೆಚ್ಚವನ್ನು ಅವನು ಬಡ್ಡಿಸಹಿತ ಕೊಡಬೇಕು; ಯುಕ್ತವಾದ ಕಾರಣವಿದ್ದರೆ ಮಾತ್ರ ದಂಡವಿಲ್ಲ. ಇದಿಷ್ಟೂ ದೋಷದ ಲೆಕ್ಕ. ಆಮೇಲೆ ಬರುವ ಮಾತು ವಿಶೇಷವಾದುದು. ಯಾರ ದೋಷವೂ ಇಲ್ಲದೆ, ವಾಗ್ದತ್ತೆಯಾದ ಕನ್ಯೆ ಮದುವೆಗೆ ಮುನ್ನವೇ ತೀರಿಕೊಂಡರೆ ಗತಿಯೇನು? ವರನು ತಾನು ಕೊಟ್ಟಿದ್ದನ್ನು ಮರಳಿ ಪಡೆಯಬಹುದು ಎಂದು ಸ್ಮೃತಿಕಾರನ ಉತ್ತರ. ಕೊಟ್ಟದ್ದೆಂದರೆ ಯಾವುದು ಎಂಬುದನ್ನು ಬಿಡಿಸಿ ಹೇಳುವ ವಿಜ್ಞಾನೇಶ್ವರನು ಮೊದಲು ಹೆಸರಿಸುವ ವಸ್ತು ಉಂಗುರವೇ. ಒಂಬೈನೂರು ವರ್ಷಗಳ ಹಿಂದೆ ಕನ್ನಡ ನಾಡಿನ ರಾಜಧಾನಿಯಲ್ಲಿ ಕುಳಿತು ಒಬ್ಬ ಮೀಮಾಂಸಕನು ನಿಶ್ಚಯದ ಉಂಗುರ ಯಾರದೆಂದು ಯೋಚಿಸಿದ್ದನೆಂಬುದನ್ನು ಕಂಡಾಗ ನನಗಾದ ಸಂತೋಷವನ್ನು ಮರೆಮಾಡಲಾರೆ.

ಆದರೆ ಆ ಹಿಂದಿರುಗಿಕೆಗೆ ಒಂದು ಪೂರ್ವಕ್ರಿಯೆಯಿದೆ. ಉಭಯವ್ಯಯವನ್ನು, ಎಂದರೆ ಕನ್ಯೆಯ ಕಡೆಯವರ ವೆಚ್ಚವನ್ನೂ ತನ್ನ ಕಡೆಯ ವೆಚ್ಚವನ್ನೂ ಮೊದಲು ತೀರಿಸಿ, ಆ ಮೇಲೆ ಉಳಿದುದನ್ನು ಅವನು ತೆಗೆದುಕೊಳ್ಳತಕ್ಕದ್ದು. ಕನ್ಯೆಗೆ ಆಕೆಯ ತಾಯಿಯ ತಂದೆ ಮೊದಲಾದವರು ಕೊಟ್ಟ ಶಿರೋಭೂಷಣಾದಿಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅವು ಆಕೆಯ ಒಡಹುಟ್ಟಿದ ಸೋದರರಿಗೆ ಸಲ್ಲುವುವು. ಇಲ್ಲಿಯ ವಿವೇಕವನ್ನು ಗಮನಿಸಬೇಕು. ದೋಷವಿದ್ದಾಗ ದೋಷಿಯು ಭರಿಸಲಿ. ದೋಷವಿಲ್ಲದಾಗ ವಸ್ತು ಬಂದ ಮನೆಗೆ ಹೋಗಲಿ, ಆದರೆ ಎರಡೂ ಮನೆಗಳ ವೆಚ್ಚ ಅದರಿಂದ ಕಳೆದ ಮೇಲೆ. ಇಂದಿನ ನ್ಯಾಯಾಲಯಗಳು ದೋಷದ ವಿಚಾರವನ್ನು ತ್ಯಜಿಸಿ ಎಲ್ಲ ನಿಶ್ಚಯಭಂಗಗಳನ್ನೂ ನಿರ್ದೋಷವೆಂದೇ ಎಣಿಸಹೊರಟಿರುವಾಗ, ನಿರ್ದೋಷದ ಸಂದರ್ಭಕ್ಕೆಂದೇ ಹುಟ್ಟಿದ ಈ ಉಭಯವ್ಯಯದ ಸೂತ್ರವನ್ನೂ ಜೊತೆಗೆ ಕೈಗೊಳ್ಳಬೇಕಾಗಿತ್ತು. ಮಾಂಟಾನಾದವರು ಎತ್ತಿದ ಆಕ್ಷೇಪಕ್ಕೆ ಅದು ಸಮಾಧಾನವನ್ನು ಕೊಡಬಲ್ಲುದು. ಮ್ಯಾಸಚೂಸೆಟ್ಸಿನವರು ಬಿಟ್ಟುಬಿಟ್ಟ ಮಗ್ಗುಲನ್ನು ತುಂಬಬಲ್ಲುದು.

ಹೀಗೆಂದ ಮಾತ್ರಕ್ಕೆ ಆ ಹಳೆಯ ಶಾಸ್ತ್ರವನ್ನು ಸಮಗ್ರವಾಗಿ ಹೊತ್ತು ತರಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ಕನ್ಯೆಯು ಕೊಡಲ್ಪಡುವ ವಸ್ತು; ಕೊಡುವವನು ತಂದೆ, ಪಡೆಯುವವನು ವರ; ಆಕೆಯ ಮನಸ್ಸೇನೆಂದು ಆ ಪ್ರಕರಣದಲ್ಲಿ ಯಾರೂ ಕೇಳಿಲ್ಲ. ಇನ್ನೂ ಉತ್ತಮನಾದ ವರ ದೊರೆತರೆ ಮಾತನ್ನು ಹಿಂದೆಗೆಯಬಹುದೆಂಬ ವಿನಾಯಿತಿಯೂ ತಂದೆಗೇ ಇತ್ತುದು, ಮಗಳಿಗಲ್ಲ. ಆ ಭಾಗವು ಕಾಲದೊಡನೆ ಕಳೆದುಹೋದುದು ಒಳ್ಳೆಯದೇ ಆಯಿತು. ಉಳಿಸಿಕೊಳ್ಳತಕ್ಕದ್ದು ಆ ಲೆಕ್ಕದ ನ್ಯಾಯ.

ಇಂದಿನ ಭಾರತದ ಕಾನೂನಿನಲ್ಲಿ ಈ ಉಂಗುರದ ಸ್ಥಾನವೇನೆಂದು ಕೇಳುವವರಿಗೆ ನೇರವಾಗಿ ಬೆರಳಿಟ್ಟು ತೋರಿಸಬಹುದಾದ ಒಂದು ಕಲಮಿಲ್ಲ. ನಾಲ್ಕಾರು ಶಾಸನಗಳನ್ನು ಕೂಡಿಸಿ ಓದಬೇಕು. ನಿಶ್ಚಿತಾರ್ಥವನ್ನು ಕರಾರೆಂದು ಎಣಿಸಿ, ಮದುವೆಯಾಗೆಂದು ಬಲವಂತಪಡಿಸಲು ನಿರಾಕರಿಸಿ, ನಷ್ಟಪರಿಹಾರವನ್ನು ಮಾತ್ರ ಕೊಡಿಸುವ ಪದ್ಧತಿ ನಮ್ಮ ಉಚ್ಚ ನ್ಯಾಯಾಲಯಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಉಂಟು. ಇಂಗ್ಲೆಂಡು 1970ರಲ್ಲಿ ಅಳಿಸಿದ ಆ ದಾವೆಯನ್ನು ನಮ್ಮ ಪಾರ್ಲಿಮೆಂಟು ಅಳಿಸಿಲ್ಲ. 1872ರ ಕರಾರು ಶಾಸನದ 73ನೆಯ ಕಲಮು ಇಲ್ಲಿ ಇನ್ನೂ ಜೀವಂತ. ಆದುದರಿಂದ ಛತ್ರಕ್ಕೆ ಕೊಟ್ಟ ಮುಂಗಡ, ಅಚ್ಚುಮಾಡಿಸಿದ ಲಗ್ನಪತ್ರಿಕೆ, ಕೊಂಡ ಜವಳಿ, ನಿಶ್ಚಿತಾರ್ಥದ ಊಟದ ವೆಚ್ಚ, ಇವುಗಳನ್ನು ಮಾತಿಗೆ ತಪ್ಪಿದ ಪಕ್ಷದಿಂದ ಕೇಳುವ ದಾರಿ ಕನ್ನಡಿಗರ ಹೆಣ್ಣುಮನೆಯವರಿಗೆ ಉಂಟು. ಮಾತು ಮುರಿದ ದಿನದಿಂದ ಮೂರು ವರ್ಷಗಳೊಳಗೆ ನ್ಯಾಯಾಲಯವನ್ನು ಸೇರಬೇಕೆಂಬುದು ಅವಧಿಯ ಕಟ್ಟಳೆ. ಅಮೆರಿಕದ ಅನೇಕ ರಾಜ್ಯಗಳ ಹೆಣ್ಣಿಗಿಲ್ಲದ ಈ ಅನುಕೂಲವು ನಮ್ಮಲ್ಲಿ ಉಳಿದಿರುವುದನ್ನು ಬಹುಜನರು ಅರಿಯರು.

ಉಂಗುರಕ್ಕೆ ಸಂಬಂಧಿಸಿದಂತೆ 1882ರ ಸ್ವತ್ತು ಹಸ್ತಾಂತರ ಶಾಸನವನ್ನು ನೋಡಬೇಕು. ಚರವಸ್ತುವಿನ ದಾನಕ್ಕೆ ಪತ್ರ, ನೋಂದಣಿಗಳು ಬೇಕಿಲ್ಲ. ಕೈಗಿತ್ತರೆ, ತೊಡಿಸಿದರೆ, ದಾನ ಸಂಪೂರ್ಣ. ಆದರೆ ಅದೇ ಶಾಸನದ 126ನೆಯ ಕಲಮು, ದಾತನ ಇಚ್ಛೆಯನ್ನು ಅವಲಂಬಿಸದ ನಿರ್ದಿಷ್ಟವಾದೊಂದು ಘಟನೆ ಸಂಭವಿಸಿದರೆ ದಾನವು ರದ್ದಾಗತಕ್ಕದ್ದೆಂದು ಕೊಟ್ಟವನೂ ಪಡೆದವಳೂ ಮೊದಲೇ ಒಪ್ಪಿಕೊಳ್ಳಬಹುದೆಂದು ಹೇಳುತ್ತದೆ. ದಾತನ ಬರಿಯ ಮನಸ್ಸಿಗೆ ಬಂದಂತೆ ರದ್ದಾಗತಕ್ಕದ್ದೆಂದು ಒಪ್ಪಿಕೊಂಡ ದಾನಕ್ಕೆ ಮಾನ್ಯತೆಯಿಲ್ಲವೆಂದೂ ಹೇಳುತ್ತದೆ. ಈ ಕಲಮನ್ನು ನಿಶ್ಚಿತಾರ್ಥದ ಉಂಗುರಕ್ಕೆ ಅನ್ವಯಿಸಿ ಓದಿದರೆ ಒಂದು ಅರ್ಥವಂತೂ ಹೊರಡುತ್ತದೆ ಎಂದು ನನಗೆ ತೋರುತ್ತದೆ. ಹುಡುಗಿ ಒಲ್ಲೆನೆಂದರೆ ಅದು ದಾತನ ಇಚ್ಛೆಗೆ ಹೊರತಾದ ಘಟನೆ, ನಿಬಂಧನೆಯಿದ್ದಲ್ಲಿ ಉಂಗುರ ಹಿಂದಿರುಗಬಹುದು. ಹುಡುಗನೇ ಒಲ್ಲೆನೆಂದು ಎದ್ದುಹೋದರೆ ಆ ಘಟನೆ ಅವನ ಇಚ್ಛೆಯಿಂದಲೇ ಆದುದು, ಆಗ ಯಾವ ಮುಖದಿಂದ ಕೇಳುವನು? ದೋಷದ ಕೆದಕಾಟವಿಲ್ಲದೆಯೇ, ಯಾರು ಎದ್ದುಹೋದರೆಂಬ ಬಹಿರಂಗವಾದ ಸಂಗತಿಯೊಂದರಿಂದಲೇ ಒಂದು ಮಟ್ಟಿನ ನ್ಯಾಯ ದೊರೆಯುವುದು ಇಲ್ಲಿಯ ಗುಣ.

ಮೂರನೆಯದು 1961ರ ವರದಕ್ಷಿಣೆ ನಿಷೇಧ ಶಾಸನ. ಹುಡುಗಿಯ ತಂದೆ ನಿಶ್ಚಿತಾರ್ಥದಲ್ಲಿ ಅಳಿಯನಾಗುವವನ ಬೆರಳಿಗೆ ತೊಡಿಸುವ ಉಂಗುರವನ್ನು ಮರೆತು ಈ ವಿಷಯವನ್ನು ಚರ್ಚಿಸಲಾಗದು. ನಮ್ಮಲ್ಲಿ ಇಕ್ಕಡೆಯಿಂದಲೂ ಉಂಗುರ ಹೋಗುತ್ತದೆ. ಮದುವೆಯ ಸಂಬಂಧವಾಗಿ, ಮದುವೆಗೆ ಮೊದಲು ಕೊಟ್ಟುದೂ ವರದಕ್ಷಿಣೆಯ ವ್ಯಾಖ್ಯೆಗೆ ಒಳಪಡಬಹುದು. ನಡೆಯದೆ ಹೋದ ಮದುವೆಯ ಸಂದರ್ಭದಲ್ಲಿ ಮುಂದಿಟ್ಟ ಬೇಡಿಕೆಯೂ ಅಪರಾಧವೇ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಮಾನಿಸಿದೆ. ಆದ್ದರಿಂದ ಕೇಳಿ ಪಡೆದ ಉಂಗುರವನ್ನು ಇಟ್ಟುಕೊಳ್ಳುವ ಹಕ್ಕಿನ ಮಾತನ್ನು ಆ ವರನು ಆಡದಿರುವುದೇ ಲೇಸು.

ಮದುವೆಯಾದ ಮೇಲಿನ ಮಾತು ಬೇರೆ, ಅಲ್ಲಿ ಗೊಂದಲ ಕಡಮೆ. ತಾಳಿ ಕಟ್ಟಿದ ಬಳಿಕ ವಧುವಿನ ಬೆರಳಿನ ಉಂಗುರ ಆಕೆಯ ಸ್ತ್ರೀಧನ. 1985ರ ಹೆಸರಾಂತ ತೀರ್ಪಿನಿಂದ ಮೊದಲುಗೊಂಡು 2024ರ ತೀರ್ಪುಗಳವರೆಗೆ ಸರ್ವೋಚ್ಚ ನ್ಯಾಯಾಲಯವು, ಸ್ತ್ರೀಧನಕ್ಕೆ ಆಕೆಯೊಬ್ಬಳೇ ಒಡತಿಯೆಂದೂ, ಗಂಡನು ಅದರ ಜಂಟಿ ಒಡೆಯನಲ್ಲವೆಂದೂ, ಆಕೆ ಬದುಕಿರುವಾಗ ಆಕೆಯ ತಂದೆಯೂ ಅದನ್ನು ಆಕೆಯ ಹೆಸರಿನಲ್ಲಿ ತಾನಾಗಿ ಬೇಡಲಾರನೆಂದೂ ಹೇಳುತ್ತಲೇ ಬಂದಿದೆ.

ಸಮುದ್ರದಾಚೆ ನೆಲಸಿದ ಕನ್ನಡಿಗರಿಗೆ ಈ ವಿಷಯವು ಇನ್ನೊಂದು ಬಗೆಯಲ್ಲಿ ಮುಖ್ಯ. ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಯಲ್ಲಿ ಕೊಂಡ ಒಂದೇ ಬಗೆಯ ಉಂಗುರ, ತೊಟ್ಟವಳು ಕ್ಯಾಲಿಫೋರ್ನಿಯಾದಲ್ಲಿದ್ದರೆ ಒಂದು ನ್ಯಾಯಕ್ಕೂ, ನ್ಯೂಜೆರ್ಸಿಯಲ್ಲಿದ್ದರೆ ಇನ್ನೊಂದು ನ್ಯಾಯಕ್ಕೂ ಒಳಗಾಗಬಹುದು. ಕ್ಯಾಲಿಫೋರ್ನಿಯಾದ ಸಿವಿಲ್ ಸಂಹಿತೆಯ 1590ನೆಯ ಕಲಮಿನ ಪ್ರಕಾರ, ಪಡೆದವರು ಮದುವೆಗೆ ನಿರಾಕರಿಸಿದರೆ, ಅಥವಾ ಇಬ್ಬರೂ ಒಪ್ಪಿ ಬಿಟ್ಟರೆ, ಕೊಟ್ಟವರು ಕಾಣಿಕೆಯನ್ನಾಗಲಿ, ಎಲ್ಲ ಸಂಗತಿಗಳನ್ನೂ ನೋಡಿ ನ್ಯಾಯಾಲಯಕ್ಕೆ ಯುಕ್ತವೆಂದು ತೋರಿದಷ್ಟು ಬೆಲೆಯನ್ನಾಗಲಿ ಪಡೆಯಬಹುದು. ಎಲ್ಲ ಸಂಗತಿಗಳನ್ನೂ ನೋಡಿ ಎಂಬ ಆ ಮಾತಿನಲ್ಲಿ ಉಭಯವ್ಯಯಕ್ಕೆ ಒಂದಿಷ್ಟು ಎಡೆಯುಂಟು. ನ್ಯೂಜೆರ್ಸಿಯ ನ್ಯಾಯಾಲಯವಾದರೋ 1987ರಲ್ಲಿಯೇ ದೋಷವನ್ನು ಲೆಕ್ಕಿಸದೆ ಉಂಗುರವನ್ನು ಹಿಂದಿರುಗಿಸುವ ಮಾರ್ಗವನ್ನು 1959ರ ಮ್ಯಾಸಚೂಸೆಟ್ಸಿಗಿಂತ ಭಿನ್ನವಾಗಿ ಹಿಡಿಯಿತು. ಸಶರ್ತ ದಾನವೆಂದಾದ ಮೇಲೆ, ಹಿಂದಿರುಗಿಸಬೇಕಾದ ವಸ್ತುವನ್ನು ಕಾಪಾಡುವ ಹೊಣೆಯೂ ಇಟ್ಟುಕೊಂಡವರದೇ ಆಗುತ್ತದೆ: ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಲ್ಲಿ, ಮುರಿದ ನಿಶ್ಚಯದ ನೋವಿನಲ್ಲಿ ಕಸಕ್ಕೆ ಸೇರಿಸಿದ ಉಂಗುರವೊಂದರ ಬೆಲೆಯಾಗಿ 15,250 ಡಾಲರುಗಳನ್ನು ತೆರಬೇಕೆಂದು 2007ರಲ್ಲಿ ನ್ಯಾಯಾಲಯವು ಆ ಹೆಣ್ಣಿಗೆ ಆಜ್ಞಾಪಿಸಿತು. ಕೋಪದ ಗಳಿಗೆಯಲ್ಲಿ ಉಂಗುರವನ್ನು ಎಸೆಯದೆ ಒಂದು ಡಬ್ಬಿಯಲ್ಲಿಡಿರೆಂದು ಹೇಳಿದರೆ ಅದು ಶುಷ್ಕ ವ್ಯವಹಾರದ ಮಾತಾಗಿ ಕೇಳೀತು. ಆದರೂ ನನ್ನ ಮಗಳಿಗಾಗಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

ನಮ್ಮ ಮನೆಗಳಲ್ಲಿ ನಿಶ್ಚಿತಾರ್ಥದ ದಿನ ಲಗ್ನಪತ್ರಿಕೆಯನ್ನು ಬರೆದು, ಅರಿಸಿನ ಕುಂಕುಮ ಹಚ್ಚಿ, ತಾಂಬೂಲದೊಡನೆ ಬದಲಾಯಿಸಿಕೊಳ್ಳುವ ಪದ್ಧತಿಯಿದೆ. ಗೋತ್ರ, ತಿಥಿ, ಮುಹೂರ್ತಗಳು ಅದರಲ್ಲಿ ಬರುತ್ತವೆ. ಯಾರು ಯಾರಿಗೆ ಏನನ್ನು ಕೊಟ್ಟರು, ದೈವವಶಾತ್ ಮದುವೆ ನಿಂತರೆ ಅದು ಎಲ್ಲಿಗೆ ಹೋಗತಕ್ಕದ್ದು, ಎರಡೂ ಕಡೆಯ ವೆಚ್ಚ ಹೇಗೆ ತೀರತಕ್ಕದ್ದು ಎಂಬ ಎರಡು ಸಾಲುಗಳನ್ನು ಪ್ರತ್ಯೇಕ ಕಾಗದದಲ್ಲಾದರೂ ಬರೆದು ಹುಡುಗ ಹುಡುಗಿಯರಿಬ್ಬರೂ ರುಜುಮಾಡುವುದು ಅಶುಭವೆಂದು ನನಗೆ ತೋರುವುದಿಲ್ಲ. ಮದುವೆಯ ಸಮಯದ ಉಡುಗೊರೆಗಳಿಗೆ ಇಂತಹ ಪಟ್ಟಿಯಿರಬೇಕೆಂದು ವರದಕ್ಷಿಣೆ ನಿಷೇಧ ಶಾಸನದಡಿಯ 1985ರ ನಿಯಮಗಳು ಹೇಳುತ್ತಲೇ ಇವೆ; ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರ ಸಂಬಂಧ, ಕೆಳಗೆ ರುಜು. ಆ ಪಟ್ಟಿಯನ್ನು ಬರೆದ ಮನೆಯನ್ನು ನಾನು ಒಂದೆರಡಕ್ಕಿಂತ ಹೆಚ್ಚು ಕಂಡಿಲ್ಲ.

ನಾನು ಹತ್ತು ಹನ್ನೆರಡು ವರ್ಷದವನಾಗಿದ್ದಾಗ ನಮ್ಮ ಬಂಧುವರ್ಗದಲ್ಲಿ ಒಂದು ನಿಶ್ಚಯ ಮುರಿಯಿತು. ಕಾರಣವನ್ನು ಮಕ್ಕಳಿಗೆ ಯಾರೂ ಹೇಳಲಿಲ್ಲ. ದೊಡ್ಡವನಾದ ಮೇಲೆ ನಾನೂ ಕೇಳಲಿಲ್ಲ. ಒಂದು ಸಂಜೆ ಹುಡುಗನ ತಂದೆ ಒಬ್ಬರೇ ಬಂದು ನಡುಮನೆಯ ಚಾಪೆಯ ಮೇಲೆ ಕುಳಿತರು. ಒಳಗಿನಿಂದ ಹುಡುಗಿಯ ತಾಯಿ ಹಿತ್ತಾಳೆಯ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಉಂಗುರವನ್ನಿಟ್ಟು ತರಲು ಎದ್ದರು. ಹುಡುಗಿ ಅವರ ಕೈಯಿಂದ ತಟ್ಟೆಯನ್ನು ತೆಗೆದುಕೊಂಡು, ತಾನೇ ನಡೆದುಬಂದು, ಅದನ್ನು ಆ ಹಿರಿಯರ ಮುಂದೆ ಇಟ್ಟಳು. ಇಟ್ಟು, ಒಳಗೆ ಹೋಗದೆ ಅಲ್ಲಿಯೇ ಗೋಡೆಗೊರಗಿ ನಿಂತಳು. ಅವರು ಉಂಗುರವನ್ನು ಮುಟ್ಟಲಿಲ್ಲ. ಜೇಬಿನಿಂದ ಮಡಿಸಿದ ಒಂದು ಚೀಟಿಯನ್ನು ತೆಗೆದು, ನಮ್ಮ ಅಜ್ಜನಿಂದ ಅಂದಿನ ಅಡುಗೆಯವರ ಕೂಲಿಯೆಷ್ಟು, ಅಕ್ಕಿಬೇಳೆಯದೆಷ್ಟು, ವಾದ್ಯದವರದೆಷ್ಟು ಎಂದು ಒಂದೊಂದನ್ನೇ ಕೇಳಿ ಬರೆದುಕೊಂಡರು. ಅಜ್ಜ ಸಂಕೋಚಪಟ್ಟು ಬೇಡವೆಂದರು, ಅವರು ಬಿಡಲಿಲ್ಲ. ಮೊತ್ತವನ್ನು ಕೂಡಿ, ಹಣವನ್ನು ಎಣಿಸಿ ಅದೇ ತಟ್ಟೆಯಲ್ಲಿಟ್ಟು, ಗೋಡೆಗೊರಗಿ ನಿಂತಿದ್ದ ಹುಡುಗಿಯ ಕಡೆ ನೋಡಿ, ಸರಿಯಾಯಿತೇನಮ್ಮಾ ಎಂದು ಕೇಳಿದರು. ಅವಳು ತಲೆಯಾಡಿಸಿದ ಮೇಲೆ ಉಂಗುರವನ್ನು ತೆಗೆದುಕೊಂಡರು.